ನಾಲ್ಕನೇ ಇಯತ್ತೆಯ ಗಿಡ

ಶಿರಸಿ, ೧೦ ಫೆಬ್ರುವರಿ ೧೯೫೯, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಹೊಲಿಗೆ ವರ್ಗದೊಳಗೆ ಎಲ್ಲರೂ ಸಾಲಾಗಿ ಕುಂತಿದ್ದಾರೆ, ನಡುವೆ ಆ ಗಿಡವೂ ಕುಂತದ. ಸೀರೆ ಉಟ್ಟದ, ತಲೆ ಮೇಲೆ ಸೆರಗು. ಕಲಿಸುವ ಬಾಯಿಯವರು ಹಾಜರಿ ಕೂಗುತ್ತಾರೆ. ಗಿಡದ ಸರದಿ ಬಂದಾಗ ಅದು "ಹಾಜರ್" ಅನ್ನಬೇಕು, ಅನ್ನುವುದಿಲ್ಲ. ಕುತ್ತಿಗೆ ಸೋತು ಪಕ್ಕದಾಕೆಯ ಭುಜದ ಮೇಲೆ ಬೀಳುತ್ತದೆ. ಇದನ್ನು ಯಾರು ಹೀಗೆ ಮಾಡಿದ್ದು ಅಂತ ಬಾಯಿಯವರು ಕೇಳಿದರೆ ಎಲ್ಲರ ಸೂಜಿಯೂ ನನ್ನ ಕಡೆ ತಿರುಗಿತು. ಬೆರಳಲ್ಲ, ಸೂಜಿ. ನಾನಲ್ಲ ಅನ್ನಬೇಕಂತ ಹೋದರೆ ಗಂಟಲೊಳಗಿಂದ ನೂಲು ಬಂತು. ಎಳೆದಷ್ಟೂ ಬಂತು.

ಎದ್ದ ಕೂಡಲೇ ಹಿತ್ತಲಿಗೆ ಓಡಿದೆ. ಸೀರೆ ಇರಲಿಲ್ಲ. ಆದರೆ ಕೆಳಗಿನ ಎರಡು ಎಲೆ ಜೋತುಬಿದ್ದಿದ್ದು ಖರೆ. ಅತ್ತೆಯವರು ಬಾವಿಕಟ್ಟೆಯಿಂದ ನೋಡಿ, ನೀ ಹಿಂಗ ಓಡಿಬಂದರ ಗಿಡಾನೂ ಹೆದರತದ ಅಂದರು.

ಇದನ್ನೆಲ್ಲ ಬರೆದಿಡು ಅಂತ ಬಾಯಿಯವರೇ ಹೇಳಿಹೋಗಿದ್ದಾರೆ. "ಮುರಿಗೆವ್ವ, ನಿನ್ನ ಚಿಂತೆಯನ್ನೆಲ್ಲ ನನ್ನ ಕಿವಿಗೆ ಸುರಿಯುವ ಬದಲು ಒಂದು ವಹಿಯಲ್ಲಿ ಬರಿ. ವಹಿಗೆ ತಲೆನೋವು ಬರುವುದಿಲ್ಲ" ಅಂದರು. ಅದಕ್ಕೆ ಶುರು ಮಾಡೀನಿ. ನನ್ನ ಅಕ್ಷರ ಕೋಳಿ ಕೆದರಿದಂಗ ಇರ್ತದ, ಯಾರಿಗೂ ತೋರಿಸುವುದಿಲ್ಲ ಬಿಡು. ಬನವಾಸಿ ಸಾಲಿಯೊಳಗೆ ಮೂರನೇ ಇಯತ್ತೆ ಮುಗಿಸಿದೆ. ನಾಲ್ಕನೇದರ ವರ್ಷ ಅವ್ವ ಬಾಣಂತಿ. ಮುಂದಿನ ವರ್ಷ ಮತ್ತೆ ಬಾಣಂತಿ. ತಿರುಗಿ ಸಾಲಿಗೆ ಹೋದಾಗ ಮಾಸ್ತರರು ನನ್ನ ಎತ್ತರ ನೋಡಿ ಐದನೇದಕ್ಕೆ ಕೂಡಿಸಿದರು, ಅರ್ಧ ವರ್ಷಕ್ಕೆ ಲಗ್ನ. ಹಿಂಗಾಗಿ ನಾಲ್ಕನೇ ಇಯತ್ತೆ ನಾನು ನೋಡೇ ಇಲ್ಲ. ನನಗೆ ತಿಳಿಯದ್ದೆಲ್ಲ ಅದರೊಳಗೆ ಇತ್ತು ಅಂತ ನನ್ನ ಅನುಮಾನ.

ಬಾಯಿಯವರು ತಾಯಿಯ ಕಣ್ಣಿನ ಆಪರೇಶನ್ನಿಗೆ ಅಂತ ಎರಡು ತಿಂಗಳು ಕಾರವಾರಕ್ಕೆ ಹೋದರು. ಮಹಿಳಾ ಮಂಡಳದ ಹೊಲಿಗೆ ವರ್ಗ ನನ್ನ ಕೈಗೆ ಬಂತು. ಮೂರು ಮಿಶನ್ನು, ಏಳು ಮಂದಿ. ಯುಗಾದಿ ಹೊತ್ತಿಗೆ ಹತ್ತು ಮಂದಿ ಆಗದಿದ್ದರೆ ವರ್ಗ ಮುಚ್ಚುತ್ತಾರಂತೆ. ಎಲ್ಲಾ ಸರಿಯಿದ್ದರೆ ಬಾಯಿಯವರು ಸಿದ್ದಾಪುರದ ಹೊಸ ವರ್ಗಕ್ಕೆ ಹೋಗಿ, ಇಲ್ಲಿ ಕಲಿಸಲಿಕ್ಕೆ ನನ್ನ ಹೆಸರು ಬರೆದು ಕಳಿಸುತ್ತಾರಂತೆ. ಬಸ್ ಹತ್ತುವಾಗ ಈ ಕುಂಡ ನನ್ನ ಕೈಗೆ ಕೊಟ್ಟು, ಇದನ್ನೂ ನೋಡಿಕೋ ಅಂದರು. ಮಿಶನ್ನಿಗೆ ಎಣ್ಣೆ ಹೆಂಗ ಬಿಡಬೇಕಂತ ಎರಡು ಹಾಳೆ ಬರೆದುಕೊಟ್ಟಿದ್ದಾರೆ, ಗಿಡದ ಬಗ್ಗೆ ಒಂದಕ್ಷರ ಇಲ್ಲ. ಹಂಗಂದರೆ ಪರೀಕ್ಷೆ ಇರೋದು ಇದರೊಳಗೇ. ಮಿಶನ್ನು ಸಾಯುವುದಿಲ್ಲ. ಮಂದಿ ಸತ್ತರೆ ಅದಕ್ಕೆ ನಾನು ಕಾರಣ ಅಲ್ಲ. ಗಿಡ ಸತ್ತರೆ ನಾನೇ.

ಮುಂಬೈ ಕಡೆಯಿಂದ ಬಂದದ್ದಂತೆ. ಎಲೆ ಅಂದರೆ ಎಲೆಯಲ್ಲ, ಆಗ ಹುಟ್ಟಿದ ಕರುವಿನ ಕಿವಿ ಹಂಗ ದಪ್ಪ, ಬೂದಿ ಬೆರೆತ ಹಸಿರು, ಅಂಚಿಗೆ ಕೆಂಪು.

ಒಂದು ತಂಬಿಗೆ ನೀರು ಹಾಕಿದೆ.

೧೨ ಫೆಬ್ರುವರಿ

ಮೂರು ಎಲೆ. ಎರಡು ತಂಬಿಗೆ.

೧೬ ಫೆಬ್ರುವರಿ, ಸೋಮವಾರ

ಇದಕ್ಕೆ ಮೆಣಸಿನಕಾಯಿ ಘಾಟು ಹೊಡೆದಿರಬೇಕು. ನಮ್ಮನೆ ಮುಂದಿನ ಭಾಗ ಅಂಗಡಿ, ಬೋರ್ಡಿನ ಮೇಲೆ "ಅಂದಾನಪ್ಪ, ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ" ಅಂತ ಬರೆದದ. (ಬೋರ್ಡಿನ ಮೇಲಿದ್ದದ್ದು ಬರೆದರೆ ಗಂಡನ ಹೆಸರು ಬರೆದಂಗಲ್ಲ ಅಂತ ತಿಳಕೊಂಡೀನಿ.) ಹಿಂದಿನ ಅಂಗಳದ ತುಂಬ ಚಾಪೆ ಹಾಸಿ ಕಾಯಿ ಒಣಗಹಾಕ್ಯಾರ. ಜಾಗ ಸಾಲದು ಅಂತ ಸಂಕ್ರಾಂತಿ ಆದ ಮರುದಿನ ಅತ್ತೆಯವರ ದಾಸವಾಳದ ಗಿಡವನ್ನೂ ಕಡಿದು ಚಾಪೆ ಹಾಸಿದರು. ಕಾಲಿಡಲಿಕ್ಕೆ ಒಂದು ಗೇಣು ಬಿಟ್ಟದ. ಕುಂಡ ಇಟ್ಟಿದ್ದು ಗೋಡೆ ಪಕ್ಕದ ಕಟ್ಟೆ ಮೇಲೆ.

ಎಲೆಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಿಂದ ಒರೆಸಿದೆ. ಮನೆಯವರು ನೋಡಿ, ನಾವೂ ಇದ ಘಾಟಿನೊಳಗ ಅದೀವಿ, ನಮ್ಮ ಕಿವಿ ಜೋತುಬಿದ್ದಾವೇನು ಅಂತ ಕೇಳಿದರು. ಅವರ ಕಿವಿ ನೋಡಿದೆ. ಎಡಗಡೆದು ಸ್ವಲ್ಪ ಕೆಳಗದ, ಹೇಳಲಿಲ್ಲ.

ಮೊನ್ನೆ ಅವರೂ ಗುರುಗುಟ್ಟಿದ್ದರು, ಕುಂಡದಿಂದ ನೀರು ಸೋರಿ ಚಾಪೆಗೆ ಹರಿದು ಒಂದು ಮಗ್ಗಲು ಕಾಯಿ ಕಪ್ಪಾಯಿತು ಅಂತ. ನಿನ್ನೆಯಿಂದ ಸೋರುತ್ತಿಲ್ಲ. ಗಿಡವೇ ಪೂರ್ತಿ ಕುಡಿಯಲಿಕ್ಕೆ ಹತ್ತಿತು ಅಂತ ಸಮಾಧಾನ ಆಯಿತು. ಹಸಿವಿದ್ದ ರೋಗಿ ಉಳೀತಾನ.

೧೯ ಫೆಬ್ರುವರಿ

ಮನೆಯೊಳಗೆ ಬಿಟ್ಟುಹೋದರೆ ಜೀವ ತಡೆಯುವುದಿಲ್ಲ. ದಿನಾ ಬಗಲೊಳಗೆ ಎತ್ತಿಕೊಂಡು ವರ್ಗಕ್ಕೆ ಒಯ್ಯುತ್ತೀನಿ, ಸಂಜೆಗೆ ಎತ್ತಿಕೊಂಡು ಬರುತ್ತೀನಿ. ಬಿಸಿಲು ಬಡಿಯಬಾರದಂತ ಮೇಲೆ ಸೆರಗು. ನಡುಬೀದಿಯಲ್ಲಿ ಬೀಗರ ಕಡೆಯ ಸಾವಿತ್ರವ್ವ ಸಿಕ್ಕು, ಏನವಾ ಮುರಿಗೆವ್ವ, ಸುದ್ದಿನ ಇಲ್ಲ, ಕೂಸು ಹೆಂಗದ ಅಂದಳು. ನಾನು ಗಿಡದ ಧ್ಯಾನದೊಳಗೇ, ಸ್ವಲ್ಪ ಸಪ್ಪಗದ, ಕಿವಿ ಮೆತ್ತಗಾಗ್ಯಾವ ಅಂದೆ. ಆಕೆ ಕೊರಳಿನ ಲಿಂಗ ಹಿಡಿದುಕೊಂಡು ಸೆರಗು ಸರಿಸಿ ನೋಡಿದಳು. ಆಮೇಲೆ ಅರ್ಧ ಪೇಟೆಗೆ ಕೇಳುವಂಗ ನಕ್ಕಳು.

ನಗಲಿ. ನಕ್ಕು ನಕ್ಕು ನನ್ನ ಹಿಂದೇ ವರ್ಗಕ್ಕೆ ಬಂದಳು, ಎಲ್ಲರಿಗೂ ಹೇಳಿ ಇನ್ನೊಮ್ಮೆ ನಗಲಿಕ್ಕೆ. ಬಂದಾಕೆ ಸುಮ್ಮನೆ ಕುಂತು ಮಾತಾಡತಾಳ ಅಂತ ಸಿಟ್ಟು ಬಂದು ಕೈಗೆ ಒಂದು ಬಟ್ಟೆ ಕೊಟ್ಟು ಕಾಜಾ ಹಾಕಿಸಿದೆ.

ಸಂಜೆ ಅತ್ತೆಯವರು ಗಿಡಕ್ಕೆ ದೃಷ್ಟಿ ತೆಗೆದರು. ಅಂಗಡಿಯದೇ ಏಳು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಬೀದಿಯವರೆಲ್ಲ ಕೆಮ್ಮಿದರು. ಗಿಡ ಕೆಮ್ಮಲಿಲ್ಲ.

೨೩ ಫೆಬ್ರುವರಿ, ಸೋಮವಾರ

ಐದು ಎಲೆ.

ವರ್ಗದೊಳಗೆ ಇದೇ ಮಾತಾಗಿದೆ. ಸಾವಿತ್ರವ್ವ ಮಜ್ಜಿಗೆ ಹಾಕು ಅಂದಳು. ಮೊದಲಿನ ಏಳು ಮಂದಿಯೊಳಗಿನ ಹೊನ್ನಿ ತನ್ನ ತಂಗಿ ನಾಗಿಯನ್ನೂ ಕರಕೊಂಡು ಬಂದಳು, ಆಕೆಯ ಕೈಗುಣ ಚಲೋ ಅಂತ. ನಾಗಿ ಗಿಡ ಮುಟ್ಟಿ ನೋಡಿ, ಕೈ ತೊಳೆದುಕೊಂಡು, ಹೊತ್ತು ಹೋಗಲಿಲ್ಲ ಅಂತ ಒಂದು ದಿಂಬಿನ ಚೀಲ ಹೊಲಿದಳು. ನೋಡಲಿಕ್ಕೆ ಬಂದವರಿಗೆ ಕೂಡಲಿಕ್ಕೆ ಜಾಗ ಇಲ್ಲ. ಎರಡು ಚಾಪೆ ಮಂಡಳದವರಿಂದ ಕೇಳಿ ತರಿಸಿದೆ. ಕೊಡಲಿಕ್ಕೆ ಹಿಂದೆಮುಂದೆ ನೋಡಿದರು, ಅವರ ಜೊತೆ ನಿಂತು ಮಾತಾಡುವಷ್ಟು ಹೊತ್ತು ನನಗಿರಲಿಲ್ಲ, ಎತ್ತಿಕೊಂಡು ಬಂದೆ.

ಭೈರುಂಬೆ ಕಡೆಯಿಂದ ದುರ್ಗಿ ಬರುತ್ತಾಳೆ. ಬೆಳಿಗ್ಗೆ ಪೇಟೆಯೊಳಗೆ ಸೌದೆ ಹೊರೆ ಮಾರಿ, ಮಧ್ಯಾಹ್ನ ಮಗಳಿಗೆ ಪೋಲಕ ಹೊಲಿಯಲಿಕ್ಕೆ ಕಲಿಯುತ್ತಾಳೆ. ಇಷ್ಟು ದಿನ ಒಂದು ಮಾತೂ ಆಡದಾಕೆ ಇವತ್ತು ಎದ್ದುಬಂದು, ಕುಂಡದ ಮಣ್ಣೊಳಗೆ ಬೆರಳು ಗಿಣ್ಣಿನ ತನಕ ಹಾಕಿದಳು. ನನಗೆ ನನ್ನ ಕಣ್ಣೊಳಗೇ ಹಾಕಿದಂಗಾತು. ಬೆರಳು ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದಳು. ಹುಳಿ ವಾಸನೆ, ಮೂರು ದಿನದ ಅಂಬಲಿ ಹಂಗ.

"ಇದಕ್ಕೆ ಬಾಯಾರಿಕೆ ಅಲ್ಲ ಅವ್ವಾ. ಹೊಟ್ಟೆ ಉಬ್ಬರ."

ನೀರಿಲ್ಲದೆ ಬಾಡಿದ ಎಲೆ ಸುಕ್ಕಾಗ್ತದೆ, ಇದು ಸುಕ್ಕಾಗಿಲ್ಲ, ಕಳಿತ ಬಾಳೆಹಣ್ಣಿನ ಹಂಗೆ ಮೆತ್ತಗಾಗಿದೆ, ಹಿಂದಿನ ಬೆಳಕು ಕಾಣ್ತದೆ ನೋಡಿ ಅಂದಳು. ಹಿಡಿದು ನೋಡಿದೆ, ಕಂಡಿತು. ಇಂಥವಕ್ಕೆ ನೀರು ಎಲೆಯೊಳಗೇ ಇರ್ತದಂತೆ. ನಾವು ದಿನಾ ಹಾಕಿದರೆ ಬೇರು ಮುಳುಗಿ ಕೊಳೀತದಂತೆ. ನಾನು ನಂಬಲಿಲ್ಲ. ಮುಂಬೈ ಗಿಡದ ಸಂಗತಿ ಆಕೆಗೇನು ಗೊತ್ತು. ದುರ್ಗಿ ಅದಕ್ಕೆ, ನಿಮ್ಮ ಅಂಗಡಿ ಬಾಗಿಲಿಗೆ ಎಂತ ಕಟ್ಟಿದೀರಿ, ಅದಕ್ಕೆ ನೀರು ಹಾಕಿ ಎಷ್ಟು ದಿನ ಆಯ್ತು ಅಂತ ಕೇಳಿದಳು.

ಮನೆಗೆ ಬಂದು ತಲೆಯೆತ್ತಿ ನೋಡಿದೆ. ದೃಷ್ಟಿಗೆ ಅಂತ ಕಟ್ಟಿದ ಲೋಳೆಸರ. ಹೋದ ದೀಪಾವಳಿಯದಲ್ಲ, ಅದರ ಹಿಂದಿನದು. ಬೇರು ಮೇಲೆ, ತಲೆ ಕೆಳಗೆ, ಹುರಿಗೆ ನೇತಾಡುತ್ತದೆ. ಮಣ್ಣಿಲ್ಲ, ನೀರಿಲ್ಲ, ಕೇಳುವವರಿಲ್ಲ, ಕೆಳಗಿಂದ ದಿನಾ ಮೆಣಸಿನಕಾಯಿ ಘಾಟು. ಎಲೆ ಕಬ್ಬಿಣದಂಗ ಅವ. ಮೇಲಾಗಿ ಒಂದು ಮರಿ ಹಾಕ್ಯದ. ದಿನಕ್ಕೆ ನಾಲ್ಕು ಸಲ ಅದರ ಅಡಿಗೇ ತಿರುಗಾಡತೀನಿ, ಇದುವರೆಗೆ ಅದರ ಮಾರಿ ನೋಡಿರಲಿಲ್ಲ.

ಗಿಡದ ಪಾಠ ನಾಲ್ಕನೇ ಇಯತ್ತೆಯೊಳಗೇ ಇತ್ತು. ಇನ್ನು ಸಂಶಯ ಉಳಿಯಲಿಲ್ಲ.

ನೀರು ಬಂದ್.

೩ ಮಾರ್ಚ್, ಮಂಗಳವಾರ

ಎಂಟು ದಿನ ಆತು, ಒಂದು ಹನಿ ಹಾಕಿಲ್ಲ. ಮಣ್ಣು ಇನ್ನೂ ಹಸಿ. ಬೆರಳು ಹಾಕಿದರೆ ಅಂಟುತ್ತದೆ. ಬಿಸಿಲಿಗೆ ಬಾವಿಯೇ ಒಂದು ಮೆಟ್ಟಿಲು ಇಳಿದದ, ಕುಂಡ ಇಳಿಯವಲ್ಲದು. ಇದಕ್ಕೆ ಕೆಳಗೆ ಒರತೆ ಇದ್ದೀತೇನು? ಅಥವಾ ಗಿಡ ಬೆವರುತ್ತಿರಬೇಕು. ನಾನು ಬೆವರುತ್ತೀನಿ, ಅದು ಯಾಕೆ ಬೆವರಬಾರದು.

ದುರ್ಗಿಗೆ ಹೇಳಿದರೆ, ಯಾರೋ ಹಾಕ್ತಿದಾರೆ ಅಂದಳು. ಮನೆಯೊಳಗೆ ಇರೋದು ಮೂರು ಮಂದಿ.

೫ ಮಾರ್ಚ್

ಮನೆಯವರನ್ನು ಹಿಡಿದು ಕೇಳಿದೆ. ಅಂಗಡಿಯ ತಕ್ಕಡಿ ಮುಟ್ಟಿ, ನಾ ನೀರು ಹಾಕಿಲ್ಲ ಅಂತ ಆಣೆ ಮಾಡಿದರು. ಮತ್ತೇನು ಮಾಡೀರಿ ಅಂದೆ. ಏನೂ ಇಲ್ಲ ಅಂತ ತಕ್ಕಡಿ ಬಿಟ್ಟು ಹೇಳಿದರು. ತಕ್ಕಡಿ ಬಿಟ್ಟದ್ದು ಯಾಕೆ ಅಂತ ಯೋಚನೆ ಹತ್ತಿತು.

ವರ್ಗದೊಳಗೆ ಇವತ್ತು ತೋಳು ಕೂಡಿಸುವುದು ಹೇಳಿಕೊಟ್ಟೆ. ಬಾಯಿಯವರ ಹಾಳೆಯೊಳಗೆ ಇದ್ದಂಗ ಹೇಳಿದರೆ ಯಾರಿಗೂ ತಿಳಿಯಲಿಲ್ಲ. ನನಗೂ ಅದು ಎಂದೂ ತಿಳಿದಿಲ್ಲ. ಅದಕ್ಕೆ ದುರ್ಗಿಯ ಕೈಯನ್ನೇ ಮೇಲೆತ್ತಿಸಿ, ಬಗಲಿಗೆ ಬಟ್ಟೆ ಹಿಡಿದು ತೋರಿಸಿದೆ. ಮೈಗೆ ಬಟ್ಟೆ ಸಾಲದಿದ್ದರೆ ಎಳೆದು ಹೊಲಿಯಬಾರದು, ಎಳೆದಲ್ಲೇ ಹರೀತದ, ಬಗಲಿಗೊಂದು ತುಂಡು ಕೂಡಿಸಿದರೆ ಕೈ ಸಲೀಸಾಗಿ ಏಳ್ತದ ಅಂದೆ. ತಿಳೀತು ಅಂದರು. ಬೇಗ ತಿಳಿದದ್ದು ಚಲೋ ಆತು, ಗಿಡವನ್ನು ನೆರಳಿಗೆ ಸರಿಸುವುದಿತ್ತು.

೮ ಮಾರ್ಚ್, ರವಿವಾರ

ಸಿಕ್ಕಿತು.

ನಿನ್ನೆ ಶಿವರಾತ್ರಿ. ಅತ್ತೆಯವರು ನಾಲ್ಕೂ ಜಾವ ಪೂಜೆ ಮಾಡಿದರು. ನಾನು ಉಪವಾಸಕ್ಕೆ ತಲೆ ಸುತ್ತಿ ಎರಡನೇ ಜಾವಕ್ಕೇ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಕುಂಡ ಕೆಸರಾಗದ. ಗದ್ದೆ ನೆಟ್ಟಿ ಮಾಡಬಹುದು. ಮೇಲೆ ವಿಭೂತಿ ಬಿಳಿ ಕಟ್ಟ್ಯದ, ಎರಡು ಬಿಲ್ವಪತ್ರೆ ತೇಲತಾವ. ಎಲೆ ಏಳಕ್ಕೆ ಏಳೂ ಜೋತುಬಿದ್ದಾವ.

ಲಿಂಗಪೂಜೆ ನೀರು. ದಿನಾ ಬೆಳಿಗ್ಗೆ ನಾನು ಬಾವಿಗೆ ಹೋದಾಗ ಒಂದು ತಂಬಿಗೆ. ನಿನ್ನೆ ಶಿವರಾತ್ರಿಗೆ ನಾಲ್ಕು.

ಈಗ ಏನು ಮಾಡಲಿ? ಯಾರೋ ಹಾಲು ಹಾಕುತ್ತಿದ್ದರೆ ಬೇಡ ಅನ್ನಬಹುದು. ದೇವರ ನೀರು ಹಾಕಬ್ಯಾಡ್ರಿ, ಗಿಡ ಸಾಯ್ತದ ಅಂತ ಯಾವ ಬಾಯಿಂದ ಹೇಳೋದು? ಹೇಳಿದರೆ ಅತ್ತೆಯವರು, ಲಿಂಗದ ನೀರಿನಿಂದ ಸತ್ತದ್ದು ಯಾವುದದ ತೋರಿಸು ಅಂತಾರೆ. ನಾನು ಕುಂಡ ತೋರಿಸಬೇಕು. ಆಮೇಲೆ ನಾನು ಈ ಮನೆಯೊಳಗೆ ಇರಬೇಕು.

೯ ಮಾರ್ಚ್

ಹೇಳಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

೧೦ ಮಾರ್ಚ್, ಮಂಗಳವಾರ

ಇವತ್ತು ಬಾವಿಗೆ ಹೋಗದೆ ಹಿತ್ತಲ ಬಾಗಿಲಿಗೆ ನಿಂತೆ. ಅತ್ತೆಯವರು ತಂಬಿಗೆ ಹಿಡಿದು ಬಂದರು, ನನ್ನ ನೋಡಿದರು, ನಿಂತರು.

"ಅತ್ತೀ, ಈ ಕುಂಡಕ್ಕ ನೀವು ದಿನಾ ನೀರು ಹಾಕ್ತೀರೇನ್ರಿ?"

"ನೀರು ಯಾಕ ಹಾಕಲಿ? ಲಿಂಗದ ನೀರು ಹಾಕ್ತೀನಿ."

"ಅದಕ್ಕ ಒಗ್ಗವಲ್ಲದ್ರಿ."

"ಹಂಗಂದರ ಎಲ್ಲಿ ಹಾಕಲಿ ನೀ ಹೇಳು. ಮೊದಲ ದಾಸವಾಳದ ಬುಡಕ್ಕ ಹಾಕ್ತಿದ್ದೆ, ನಿನ್ನ ಗಂಡ ಅದನ್ನ ಕಡದ. ಅಂಗಳದ ತುಂಬ ಮೆಣಸಿನಕಾಯಿ. ತುಳಿಯೂ ಜಾಗಾದಾಗ ಚೆಲ್ಲಲೇನು? ಈ ಮನಿಯೊಳಗ ಯಾರ ಕಾಲೂ ಬೀಳದ ಮಣ್ಣು ಅಂದರ ಇದೊಂದ ಕುಂಡ."

ಅತ್ತೆಯವರು ತಂಬಿಗೆ ಕಟ್ಟೆ ಮೇಲಿಟ್ಟು, ಗಿಡದ ಕಡೆ ನೋಡುತ್ತಾ ಸಣ್ಣ ದನಿಯಿಂದ ಅಂದರು:

"ಇದು ಉಳೀಲಿ ಅಂತನೂ ಹಾಕೀನಿ ತಗೋ. ನೀ ನಿದ್ದಿಯೊಳಗ ಹಾಜರಿ ಕೂಗ್ತಿ. ನನಗ ನಿದ್ದಿ ಇಲ್ಲ."

ಆ ತಂಬಿಗೆ ಹಂಗೇ ಉಳೀತು. ಅದನ್ನು ನೋಡುತ್ತಾ ನಿಂತೆ. ಅತ್ತೆಯವರನ್ನು ಎಳೆದರೆ ಒಂದು ಕಡೆ ಹರೀತದ, ಗಿಡವನ್ನು ಎಳೆದರೆ ಇನ್ನೊಂದು ಕಡೆ. ಇಲ್ಲಿ ಬಟ್ಟೆಯೇ ಸಾಲದು. ತುಂಡು ಕೂಡಿಸಬೇಕು.

ಅಂಗಡಿಗೆ ಹೋದೆ. ಮುಂಬಾಗಿಲಿಂದಲೇ. ಗಿರಾಕಿಗಳಿದ್ದರು. ಅಂಗಳದ ಮೂಲೆಯೊಳಗೆ ಒಂದು ಮೊಳ ಅಗಲ ಎರಡು ಮೊಳ ಉದ್ದ ಜಾಗ ಬೇಕು, ದಾಸವಾಳದ ಕಡ್ಡಿ ಊರಬೇಕು, ಸುತ್ತ ಕಲ್ಲು ಇಡಬೇಕು ಅಂದೆ. ಜಾಗ ಎಲ್ಲಿಂದ ತರಲಿ ಅಂದರು. ಚಾಪೆ ಒಂದು ಮೊಳ ಈ ಕಡೆ ಎಳೀರಿ ಅಂದೆ. ನಡುವೆ ಘಾಟಿಗೆ ಸೀನು ಬಂದು ಮಾತು ಎರಡು ಸಲ ನಿಂತಿತು. ಗಿರಾಕಿಗಳು ಕಾದು ನಿಂತು ಪೂರ್ತಿ ಕೇಳಿಕೊಂಡರು. ಒಬ್ಬರು, 'ಎಳೀರಿ ಅಂದಾನಪ್ಪನವರ, ಕೊಡೋದು ಕೊಟ್ಟುಬಿಡ್ರಿ' ಅಂದರು.

ಎಳೆದರು. ಕಡ್ಡಿ ಸಾವಿತ್ರವ್ವನ ಹಿತ್ತಲಿನದು. ಮೊದಲ ತಂಬಿಗೆ ಅತ್ತೆಯವರೇ ಹಾಕಿದರು. ಇದೂ ಜೋತುಬೀಳ್ತದೇನು ಅಂತ ಕೇಳಿದರು. ಇಲ್ರಿ, ಇದು ಕುಡಿಯೋ ಜಾತಿ ಅಂದೆ.

೧೨ ಮಾರ್ಚ್, ಗುರುವಾರ



ದುರ್ಗಿ ಗಿಡವನ್ನು ಕಿತ್ತಳು. ವರ್ಗದ ನಡುವಿನ ಟೇಬಲ್ಲಿನ ಮೇಲೆ ಹಳೇ ಪತ್ರಿಕೆ ಹಾಸಿ, ಕುಂಡವನ್ನು ಬೋರಲು ಮಾಡಿ ಹಿಂದೆ ಗುದ್ದಿ, ಹಲ್ಲು ಕಿತ್ತಂಗ ಕಿತ್ತಳು. ಬೇರು ಕಪ್ಪು, ಹಿಡಿದರೆ ಸಿಪ್ಪೆ ಜಾರಿ ಒಳಗೆ ನೂಲು ಉಳಿಯುತ್ತದೆ. ಕತ್ತರಿ ಕೊಡಿ ಅಂದಳು. ವರ್ಗದ ಕತ್ತರಿ ಬಟ್ಟೆಗೆ ಬಿಟ್ಟು ಯಾವುದಕ್ಕೂ ಮುಟ್ಟಿಸಬಾರದಂತ ಬಾಯಿಯವರ ಆಜ್ಞೆ. ಕೊಟ್ಟೆ. ಕಪ್ಪಾದದ್ದೆಲ್ಲ ಕತ್ತರಿಸಿ, ಕೊಳೆತ ನಾಲ್ಕು ಎಲೆ ತೆಗೆದು, ಉಳಿದದ್ದು ಏನಂದರೆ ಮೂರು ಎಲೆ, ಒಂದು ಮೋಟು ದಂಟು, ಆಡಿನ ಗಡ್ಡದಷ್ಟು ಬೆಳ್ಳನೆ ಬೇರು. ಒಂದು ವಾರ ಹೀಗೇ ನೆರಳಿಗೆ ಒಣಗಲಿ ಅಂದಳು. ಮಣ್ಣಿಲ್ಲದೇ. ನನಗೆ ಕೂಡಲಿಕ್ಕೆ ಆಗಲಿಲ್ಲ.

ಅಷ್ಟರೊಳಗೆ ಯಾರೋ ಕಾರವಾರದ ಸಾಹೇಬರು ತಪಾಸಣೆಗೆ ಅಂತ ಬಂದರು. ಬರುವ ಹೊತ್ತೇ ಅದು? ಟೇಬಲ್ಲಿನ ಮೇಲೆ ಗಿಡ ಬತ್ತಲೆ ಮಲಗ್ಯದ. ಇದೇನು ಅಂತ ಬೆರಳು ಚಾಚಿದರು. ಮುಟ್ಟಬ್ಯಾಡ್ರಿ, ಅದು ಒಣಗಬೇಕು ಅಂದೆ. ಎಷ್ಟು ಮಂದಿ ಅಂತ ಕೇಳಿದರು. ಹನ್ನೊಂದು, ಹೊನ್ನಿ ನಾಳೆ ಬರತಾಳ, ಹನ್ನೆರಡು ಅಂದೆ. ಹಾಜರಿ ವಹಿಯೊಳಗೆ ಏಳು ಅಂತ ಅದೆಯಲ್ಲ ಅಂದರು. ವಹಿ ಹಳೇದ್ರಿ, ಮಂದಿ ಹೊಸಬರು ಅಂದೆ. ಅವರು ಸುತ್ತ ನೋಡಿದರು.

"ಬಾಯಿಯವರು ಇಲ್ಲ. ಮತ್ತ ಕಲಿಸುವವರು ಯಾರು?"

"ಕಲಿಸೋರು ಯಾರೂ ಇಲ್ರಿ, ನಾನ ಕಲಿಸ್ತೀನಿ."

ಏನೋ ಬರಕೊಂಡರು. ಅವರ ಕೋಟಿನ ಅಸ್ತರ ಒಂದು ಕಡೆ ಬಿಚ್ಚಿ ನೇತಾಡುತ್ತಿತ್ತು, ಗಾಳಿಗೆ ಅದು ಗಿಡಕ್ಕೆ ತಾಗುತ್ತದೆ ಅಂತ ನನಗೆ ಜೀವ ಹೋಗುತ್ತಿತ್ತು. ಕೋಟು ಬಿಚ್ಚಿಸಿ ನಾಗಿಯ ಕೈಗೆ ಕೊಟ್ಟೆ, ಹತ್ತು ನಿಮಿಷಕ್ಕೆ ಹೊಲಿದುಕೊಟ್ಟಳು. ಚಹಾ ಕೇಳಬೇಕಿತ್ತೇನೋ, ನೆನಪಾಗಲಿಲ್ಲ. ಹೋದರು.

ಮೂರೇ ಎಲೆ. ದೇವರೇ.

೧೩ ಮಾರ್ಚ್

ಹಂಗೇ ಅದ.

೧೪ ಮಾರ್ಚ್

ಹಂಗೇ.

೧೬ ಮಾರ್ಚ್

ಒಂದು ಎಲೆ ಸುಕ್ಕಾತು. ದುರ್ಗಿಗೆ ಹೇಳಿದರೆ ಕುಣಿದಳು. ಸುಕ್ಕಾದರೆ ಚಲೋ ಅಂತೆ, ಈಗ ಅದಕ್ಕೆ ಖರೇನೇ ಬಾಯಾರಿಕೆ ಆಗ್ಯದಂತೆ. ಈ ಗಿಡದ್ದು ಎಲ್ಲಾ ಉಲ್ಟಾ.

೧೯ ಮಾರ್ಚ್, ಗುರುವಾರ

ಇವತ್ತು ತಿರುಗಿ ನೆಡುವುದು. ದುರ್ಗಿ ಶಾಲ್ಮಲೆ ಹೊಳೆಯ ಮರಳು ಸೆರಗಿನೊಳಗೆ ಕಟ್ಟಿಕೊಂಡು ಬಂದಳು. ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಒಂದು ಹಿಡಿ ಇಟ್ಟಂಗಿ ಚೂರು. ಕುಂಡ ತೊಳೆಯಲಿಕ್ಕೆ ಅಂತ ನಾನು ಒಳಗೆ ಕೈ ಹಾಕಿದೆ. ತಳದ ತೂತು ಎಲ್ಲದ? ಎಲ್ಲೂ ಇಲ್ಲ. ಬೆಳಕಿಗೆ ಹಿಡಿದರೆ ಹೊರಗಿನಿಂದ ಗೋಣಿನೂಲು ತುರುಕಿ ಮೇಲೆ ಜೇಡಿಮಣ್ಣು ಮೆತ್ತಿದ್ದಾರೆ, ನೀಟಾಗಿ, ಹೆಬ್ಬೆರಳಿನ ಗುರುತಿನ ಸಮೇತ. ಗೋಣಿನೂಲಿಗೆ ಕೆಂಪು ಪುಡಿ. ಮೂಸಿದೆ, ಸೀನು ಬಂತು.

ಕುಂಡ ಹಿಡಕೊಂಡು ಅಂಗಡಿಗೆ ಹೋದೆ. ಏನೂ ಕೇಳಲಿಲ್ಲ, ತಕ್ಕಡಿಯೊಳಗೆ ಇಟ್ಟೆ. ಮನೆಯವರು ಅದನ್ನು ನೋಡಿದರು, ನನ್ನ ನೋಡಿದರು.

"ನೀರು ಸೋರಿ ಕಾಯಿ ಕಪ್ಪಾಗ್ತಿದ್ದವು" ಅಂದರು. ತಕ್ಕಡಿಯಿಂದ ಕುಂಡ ಇಳಿಸುತ್ತಾ, "ಆಣಿ ಮಾಡಿದ್ದು ನೀರು ಹಾಕಿಲ್ಲಂತಷ್ಟ" ಅಂದರು.

ಹಂಗಾದರೆ ಲೆಕ್ಕ ಹೀಗಾತು. ಮೇಲಿಂದ ನಾನು ಹಾಕಿದೆ, ನಾನು ನಿಲ್ಲಿಸಿದಾಗ ಅತ್ತೆಯವರು ಹಾಕಿದರು, ಹೊರಗೆ ಹೋಗಲಾರದಂಗ ಇವರು ಬಾಗಿಲು ಹಾಕಿದರು. ಮೂರು ಮಂದಿ ಕೂಡಿ ಒಂದು ಗಿಡದ ಸೇವೆ ಮಾಡೀವಿ. ಬಾಗಿಲ ಮೇಲಿನ ಲೋಳೆಸರಕ್ಕೆ ಯಾರೂ ಸೇವೆ ಮಾಡಿಲ್ಲ, ಅದರ ಮರಿಗೂ ಈಗ ಮರಿ.

ಮನೆಯವರೇ ಸೂಜಿಯಿಂದ ಕೆದರಿ ತೂತು ಬಿಡಿಸಿಕೊಟ್ಟರು. ಮಣ್ಣು ಜಾರಬಾರದಂತ ದುರ್ಗಿ ತೂತಿನ ಮೇಲೆ ಒಂದು ಹಂಚಿನ ತುಂಡನ್ನು ಓರೆಯಾಗಿ ಇಟ್ಟಳು. ನೀರು ಹಾಕಲಿಲ್ಲ. ಹತ್ತು ದಿನ ಹಾಕಬಾರದು. ಅಡ್ಡಿಯಿಲ್ಲ.

೨ ಎಪ್ರಿಲ್, ಗುರುವಾರ

ನಡುವೆ ಒಂದು ಚಿಗುರು. ಉಗುರಿನಷ್ಟು. ನೆಟ್ಟಗೆ ನಿಂತದ. ಬೆರಳು ಮುಟ್ಟಿಸಿದರೆ ಬಾಗುವುದಿಲ್ಲ, ತಿರುಗಿ ಒತ್ತತದ.

ಮೊನ್ನೆ ಅರ್ಧ ತಂಬಿಗೆ ಹಾಕಿದ್ದೆ. ಕೆಳಗಿಂದ ಸೋರಿತು. ಅದು ಸೋರಿದ್ದು ನೋಡಿ ಮನೆಯವರೇ ಚಾಪೆ ಸರಿಸಿದರು.

ಅತ್ತೆಯವರ ದಾಸವಾಳದ ಕಡ್ಡಿ ಇನ್ನೂ ಕಡ್ಡಿಯೇ ಅದ. ದಿನಾ ಬೆಳಿಗ್ಗೆ ನನ್ನನ್ನು ಕರೆದು ತೋರಿಸುತ್ತಾರೆ. ಬೆರಳು ಹಾಕಿ ನೋಡಿ ಹೇಳಬೇಕು. ಈಗ ಬೀದಿಯವರೂ ಎಲೆ ಹಿಡಕೊಂಡು ಬರುತ್ತಾರೆ. ವರ್ಗದೊಳಗೆ ಕೂಡಲಿಕ್ಕೆ ಮೊದಲೇ ಜಾಗ ಇಲ್ಲ.

೧೦ ಎಪ್ರಿಲ್, ಶುಕ್ರವಾರ

ಬಾಯಿಯವರು ಬಂದರು. ಬಾಗಿಲೊಳಗೇ ನಿಂತು ತಲೆ ಎಣಿಸಿದರು, ತಪ್ಪಿತೆಂದು ಇನ್ನೊಮ್ಮೆ ಎಣಿಸಿದರು. ಹದಿನಾಲ್ಕು. ಗೋಡೆಗೆ ತೂಗುಹಾಕಿದ ಪೋಲಕಗಳನ್ನು ಒಂದೊಂದಾಗಿ ಬಗಲು ತಿರುವಿ ನೋಡಿದರು. ಇದೆಲ್ಲ ನಡೆಯುವ ತನಕ ನಾನು ಕುಂಡ ಎತ್ತಿ ಹಿಡಿದು ನಿಂತೇ ಇದ್ದೆ, ಯಾವಾಗ ಅದರ ಕಡೆ ನೋಡುತ್ತಾರೆ ಅಂತ. ಕೈ ಸೋತಿತು. ಕಡೆಗೆ ನೋಡಿದರು.

"ಎಂತ, ಇದು ಇನ್ನೂ ಇದೆಯಾ? ನಾನು ಹೊರಡುವಾಗಲೇ ಇದರ ಬೇರು ಹೋಗಿತ್ತು. ಎಸೆಯಲು ಮನಸ್ಸಾಗಲಿಲ್ಲ, ನಿನ್ನ ಕೈಗೆ ಕೊಟ್ಟೆ."

ನನಗೆ ಎಲ್ಲಿತ್ತೋ ಸಿಟ್ಟು. ನೀವು ಎಸೆಯಲಾರದ್ದನ್ನ ನನ್ನ ಕಡಿಂದ ಎಸೆಸಬೇಕಂತ ಮಾಡಿದ್ರೇನ್ರಿ ಅಂದೆ. ಎರಡು ತಿಂಗಳು ಬಗಲಾಗ ಹೊತ್ತೀನಿ, ಊರೆಲ್ಲ ಕೂಸು ಹೆಂಗದ ಅಂತ ಕೇಳ್ಯಾರ, ನಮ್ಮತ್ತಿ ಜೋಡಿ ದೇವರ ನೀರಿನ ಮಾತು ಆಡಬೇಕಾತು, ಗಂಡನ್ನ ತಕ್ಕಡಿ ಮುಟ್ಟಿಸೀನಿ. ಎಣ್ಣಿಗೆ ಎರಡು ಹಾಳಿ ಬರದ್ರಿ, ಇದಕ್ಕ ಒಂದು ಗೆರಿ ಬರೀಲಿಕ್ಕೆ ನಿಮಗ ಏನಾಗಿತ್ತು. ಗಿಡ ವಾಪಸ್ ಕೊಡೂದಿಲ್ಲ ಅಂದೆ.

ಬಾಯಿಯವರು ಕೂತರು. ನನ್ನನ್ನು ನೋಡಿದರು, ಬಟ್ಟೆಯ ಎರಡೂ ಮಗ್ಗಲು ನೋಡುವಂಗ. ಆಮೇಲೆ ಚೀಲದೊಳಗಿಂದ ಒಂದು ಕಾಗದ ತೆಗೆದರು. ಸಾಹೇಬರು ಕಾರವಾರದಲ್ಲಿ ನನ್ನ ಬಗ್ಗೆ ಮೊದಲೇ ಬರೆದುಬಿಟ್ಟಿದ್ದಾರಂತೆ, ವರ್ಗ ಮುಚ್ಚುವ ಮಾತಿಲ್ಲವಂತೆ, ಉಳಿದದ್ದು ಅರ್ಜಿ ಮಾತ್ರ. ಪೆನ್ನು ತೆರೆದು ಒಂದೊಂದಾಗಿ ಕೇಳಿದರು. ಹೆಸರು, ಊರು, ವಯಸ್ಸು.

"ಶಾಲೆ ಎಷ್ಟನೇ ಇಯತ್ತೆ?"

"ಮೂರನೇದು ಪೂರ್ತಿ, ಐದನೇದು ಅರ್ಧ."

"ನಾಲ್ಕನೇದು?"

"ಅದರಾಗ ಗಿಡದ ಪಾಠ ಇತ್ತಂತ್ರಿ. ಈಗ ಅದೂ ಆತು."

ದುರ್ಗಿ ಹಿಂದಿನಿಂದ, ಪಾಸು ಅಂತ ಬರೀರಿ ಅಂದಳು.

ಸಿದ್ದಾಪುರ, ೨೦ ಎಪ್ರಿಲ್, ಸೋಮವಾರ

ಬಾಯಿಯವರ ತಾಯಿಯ ಇನ್ನೊಂದು ಕಣ್ಣಿಗೂ ಆಪರೇಶನ್ ಬಂತು. ಹಿಂಗಾಗಿ ಇಲ್ಲಿಯ ಹೊಸ ವರ್ಗ ಒಂದು ವಾರ ನಡೆಸಿಕೊಡು ಅಂತ ನನ್ನ ಕಳಿಸಿದರು. ಶಿರಸಿ ವರ್ಗದ ಕೀಲಿಕೈ ದುರ್ಗಿಗೆ ಕೊಟ್ಟು ಬಂದೆ. ಬಸ್ಸಿನೊಳಗೆ ನಾನೊಬ್ಬಳೇ. ಬಗಲು ಖಾಲಿ ಇದ್ದದ್ದಕ್ಕೆ ಕೈ ಎಲ್ಲಿ ಇಡಬೇಕಂತ ದಾರಿ ತುಂಬ ತಿಳಿಯಲಿಲ್ಲ.

ಇವತ್ತು ಇಪ್ಪತ್ತು ಮಂದಿ ಬಂದಿದ್ದರು, ಕೋಲಸಿರ್ಸಿಯಿಂದ ನಡೆದುಬಂದವರೂ ಇದ್ದರು. ಅಳತೆ ತೆಗೆಯುವುದು ಹೇಳಿಕೊಟ್ಟೆ. ಆತು.

ಆದರೆ ಹೊರಡುವ ದಿನ ಕುಂಡ ಎತ್ತಿ ಕೆಳಗೆ ನೋಡಿದೆನೋ ಇಲ್ಲವೋ. ನೋಡಿದ ನೆನಪದ, ಆದರೆ ಅದು ಅದರ ಹಿಂದಿನ ದಿನದ ನೆನಪು ಇದ್ದರೆ? ಎತ್ತಿ ಇಡುವಾಗ ಒಳಗಿನ ಹಂಚಿನ ತುಂಡು ಸರಿದಿದ್ದರೆ? ಮನೆಯವರಿಗೆ ಒಂದು ಕಾರ್ಡು ಬರೆದೆ. ವಿಳಾಸಕ್ಕೆ ಬೋರ್ಡಿನ ಮೇಲೆ ಇದ್ದಂಗೇ ಬರೆದೆ. ಟಪಾಲಿಗೆ ಹಾಕುವ ಮೊದಲು ಇಲ್ಲೂ ಇಳಿಸಿಕೊಳ್ಳುತ್ತೀನಿ, ಏನು ಬರೆದೆ ಅಂತ ಆಮೇಲೆ ಚಿಂತೆ ಆಗಬಾರದು:

"ಸುಖರೂಪ ಮುಟ್ಟಿದೆ. ಇಲ್ಲಿ ಎಲ್ಲಾ ಸರಿ ಅದೆ. ಅತ್ತೆಯವರ ದಾಸವಾಳ ಚಿಗುರಿತೇನು ತಿಳಿಸಿರಿ. ಚಿಗುರದಿದ್ದರೆ ಕೀಳಬಾರದೆಂದು ಹೇಳಿರಿ, ನಾನು ಬಂದು ಬೆರಳು ಹಾಕಿ ನೋಡುತ್ತೇನೆ. ಒಂದೇ ಕೆಲಸ. ಕುಂಡ ಮೆಲ್ಲಗೆ ಎತ್ತಿ, ಕೆಳಗಿನ ತೂತಿಗೆ ಹಂಚಿನ ತುಂಡು ಅಡ್ಡ ಕೂತಿಲ್ಲವೆಂದು ಇನ್ನೊಮ್ಮೆ ನೋಡಿರಿ. ಬರೇ ಕಣ್ಣಿಲೆ ನೋಡಬೇಡಿರಿ. ಮೆಣಸಿನಕಾಯಿ ಕೈ ತೊಳೆದುಕೊಂಡು, ಬೆರಳು ಹಾಕಿ ನೋಡಿರಿ."